ಹೊಳೆಸಾಲಿನ ಭೂಗೋಳ

ಜಮಖಂಡಿಯಿಂದ ವಿಜಯಪುರದ ದಾರಿ ಹಿಡಿದವರು ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟುತ್ತಾರೆ. ಎರಡೂ ದಂಡೆಗೆ ಕಬ್ಬು, ನಡುವೆ ಅಗಲವಾಗಿ ನಿಂತ ನೀರು. ಮೊದಲ ಸಲ ಬಂದವರಿಗೆ ಇದು ಹಿಂದಿನಿಂದಲೂ ನೀರುಂಡ ಸೀಮೆ ಎನ್ನಿಸುತ್ತದೆ. ಆದರೆ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರಿನ ಒಳಗೇ ಇದೆ. ಕಬ್ಬಿನ ಒಂದು ಬೆಳೆಗೆ ಬೇಕಾಗುವ ನೀರು 1,500ರಿಂದ 2,500 ಮಿಲಿಮೀಟರ್. ಉಳಿದ ನೀರು ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲುತ್ತದೆ, ಎಲ್ಲಿಯವರೆಗೆ ಏರುತ್ತದೆ ಎಂದು ಕೇಳುತ್ತ ಹೋದರೆ ಶಾಲೆಯ ಭೂಗೋಳ ಪುಸ್ತಕದ ಅಧ್ಯಾಯಗಳೆಲ್ಲ ಒಂದೊಂದಾಗಿ ಇದೇ ದಂಡೆಗೆ ಬಂದು ನಿಲ್ಲುತ್ತವೆ.

ಈ ಭಾಗದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅಕ್ಕೋರ ಮನೆಗೆ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಆತ ರೈತ, ಹೊಲ ಹೊಳೆದಂಡೆಗೆ, ಮಗಳು ಹತ್ತನೆಯ ತರಗತಿಯಲ್ಲಿ. ಮಗಳು ಪುಸ್ತಕದಲ್ಲಿ ಗೆರೆ ಎಳೆದುಕೊಟ್ಟ ಪದಗಳ ಅರ್ಥ ಕೇಳಿ ತಿಳಿದುಕೊಂಡು ಹೋಗುವುದು ಆತನ ಕೆಲಸ.

“ಅಕ್ಕೋರ, ನಮ್ಮೂರು ಎಲ್ಲಿ ಐತಿ ಅಂತ ಮಗಳು ಕೇಳಿದ್ಲ್ರಿ. ಜಮಖಂಡಿ ತಾಲೂಕಿನಾಗ ಅಂದೆ. ಅದಲ್ಲಪಾ, ಅಕ್ಷಾಂಶ ಹೇಳು ಅಂದ್ಲು.”

“ನೀ ಹೇಳಿದ್ದೂ ಖರೇನ ಐತಿ ತಮ್ಮಾ. ಆದ್ರ ತಾಲೂಕಿನ ಗೆರಿ ಸರ್ಕಾರ ಹಾಕಿದ್ದು, ಅದು ಬದಲಾಗತೈತಿ. ನಿಮ್ಮ ಮುತ್ಯಾನ ಕಾಲಕ್ಕ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ತೇರದಾಳ ಸಾಂಗಲಿಗೆ ಸೇರಿತ್ತು. 1948ರಾಗ ಸಂಸ್ಥಾನ ಹೋಗಿ ಮುಂಬೈ ಪ್ರಾಂತ್ಯ ಆತು. 1956ರಾಗ ಮೈಸೂರು ರಾಜ್ಯಕ್ಕ ಬಂದ್ವಿ. 1997ರಾಗ ವಿಜಾಪುರ ಒಡದು ಬಾಗಲಕೋಟಿ ಜಿಲ್ಲಾ ಆತು. ಈಗ ರಬಕವಿ-ಬನಹಟ್ಟಿನೂ ಬ್ಯಾರೆ ತಾಲೂಕು. ಇಷ್ಟೆಲ್ಲಾ ಆದ್ರೂ ಊರು ಜಾಗಾ ಬಿಟ್ಟು ಕದಲಿಲ್ಲ. ಆ ಜಾಗಾ ಹೇಳಾಕ ಅಕ್ಷಾಂಶ, ರೇಖಾಂಶ ಬೇಕು. ಜಮಖಂಡಿ ಹತ್ರ ಅಕ್ಷಾಂಶ ಹದಿನಾರೂವರಿ ಡಿಗ್ರಿ ಉತ್ತರ, ರೇಖಾಂಶ ಎಪ್ಪತ್ತೈದೂಕಾಲರ ಆಸುಪಾಸು ಪೂರ್ವ. ನಮ್ಮೂರು ಅಲ್ಲಿಂದ ಚೂರು ಉತ್ತರಕ್ಕ.”

“ಅದನ್ನ ನೆಲದ ಮ್ಯಾಲ ನಿಂತು ನೋಡಾಕ ಬರತೈತೇನ್ರಿ?”

“ಬರತೈತಿ. ರಾತ್ರಿ ಉತ್ತರಕ್ಕ ಮುಖಾ ಮಾಡಿ ಧ್ರುವ ನಕ್ಷತ್ರ ನೋಡು. ದಿಗಂತದಿಂದ ಹೆಚ್ಚುಕಡಿಮಿ ಹದಿನಾರೂವರಿ ಡಿಗ್ರಿ ಎತ್ತರಕ್ಕ ಐತಿ. ಭೂಮಧ್ಯರೇಖೆಯ ಉತ್ತರಕ್ಕ ಯಾವ ಊರಾಗ ನಿಂತ್ರೂ ಹೆಚ್ಚುಕಡಿಮಿ ಆ ನಕ್ಷತ್ರದ ಎತ್ತರಾನ ಆ ಊರಿನ ಅಕ್ಷಾಂಶ. ಹಗಲಿನ್ಯಾಗ ನೋಡೂದಾದ್ರ ಮೇ 6, ಆಗಸ್ಟ್ 6 ಈ ಎರಡು ದಿನದ ಆಜೂಬಾಜೂ ಅಂಗಳದಾಗ ಒಂದು ಕೋಲು ನೆಟ್ಟಗ ನಿಲ್ಲಸು. ನಡು ಮಧ್ಯಾಹ್ನ ಅದಕ್ಕ ನೆರಳ ಇರೂದಿಲ್ಲ. ಸೂರ್ಯ ಆವಾಗ ಹದಿನಾರೂವರಿ ಡಿಗ್ರಿ ಅಕ್ಷಾಂಶದ ನೆತ್ತಿ ಮ್ಯಾಲ ಇರತಾನ. ಹಂಗ ನೆರಳು ಹೋಗೂದು ಗಡಿಯಾರದ ಹನ್ನೆರಡಕ್ಕ ಅಲ್ಲ, ಸುಮಾರು ಹನ್ನೆರಡೂವರಿಗೆ.”

ಈ ಅರ್ಧ ತಾಸಿನ ಲೆಕ್ಕ ರೇಖಾಂಶದ್ದು. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ಅದು ಹಾಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಜಮಖಂಡಿ ಆ ರೇಖೆಯಿಂದ ಏಳು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿರುವುದರಿಂದ ಇಲ್ಲಿನ ನಿಜವಾದ ನಡುಹಗಲು ಗಡಿಯಾರಕ್ಕಿಂತ ಸರಾಸರಿ 29 ನಿಮಿಷ ತಡ.

ರೈತ ಪುಸ್ತಕದ ಹಾಳೆ ತಿರುವಿದ. “ಮುಂದಿಂದು ‘ಪ್ರಮಾಣ’ ಅಂತ್ರಿ. ನಕಾಶಿ ಕೆಳಗ ಒಂದು ಗೀಟು ಇರತೈತಲ್ರಿ, ಅದು.”

“ಹೌದು. ನಮ್ಮ ಹೊಳಿ ಹುಟ್ಟೂದು ಮಹಾಬಳೇಶ್ವರದಾಗ. ಅಲ್ಲಿಂದ ಜಮಖಂಡಿಗೆ ನೆಟ್ಟಗ ದಾರ ಹಿಡದ್ರ ಸುಮಾರು 230 ಕಿಲೋಮೀಟರ್. ನೆಲದ ಮ್ಯಾಗಿನ 10 ಕಿಲೋಮೀಟರ್ ಕಾಗದದಾಗ ಒಂದು ಸೆಂಟಿಮೀಟರ್ ಆಗೂ ನಕಾಶಿ ತಗೊಂಡ್ರ ಅದು 23 ಸೆಂಟಿಮೀಟರಿನಾಗ ಮುಗೀತು. ಅರ್ಧ ಕಿಲೋಮೀಟರಿಗೆ ಒಂದು ಸೆಂಟಿಮೀಟರಿನ ನಕಾಶಿ ತಗೊಂಡ್ರ ಹಾಳಿ 4.6 ಮೀಟರ್ ಉದ್ದ ಬೇಕು, ಈ ಪಡಸಾಲಿ ಗ್ವಾಡಿ ಸಾಲೂದಿಲ್ಲ. ಮೊದಲನೇದ್ರಾಗ ಹೊಳಿಯ ಪೂರಾ ದಾರಿ ಕಾಣತೈತಿ, ನಮ್ಮೂರು ಕಾಣೂದಿಲ್ಲ. ಎರಡನೇದ್ರಾಗ ನಮ್ಮೂರಿನ ಬಾವಿ, ಗುಡಿ, ಹಳ್ಳ ಎಲ್ಲಾ ಕಾಣತಾವು, ಆದ್ರ ಹೊಳಿ ಎಲ್ಲಿಂದ ಬಂತು ಅನ್ನೂದು ಹಾಳಿ ಹೊರಗ ಉಳೀತೈತಿ. ಅದಕ್ಕ ನಕಾಶಿ ತಗೊಳ್ಳೂ ಮೊದಲು ನಿನಗ ಏನು ನೋಡೂದೈತಿ ಅನ್ನೂದು ಗೊತ್ತಿರಬೇಕು.”

ಅರ್ಧ ಕಿಲೋಮೀಟರಿಗೆ ಒಂದು ಸೆಂಟಿಮೀಟರಿನ ಆ ನಕ್ಷೆ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆ. ಎಂಜಿನಿಯರುಗಳ ಬಾಯಲ್ಲಿ ಟೋಪೋಶೀಟ್. 1767ರಲ್ಲಿ ಆರಂಭವಾದ ಈ ಇಲಾಖೆ ದೇಶವನ್ನೆಲ್ಲ ಚೌಕಗಳಾಗಿ ವಿಂಗಡಿಸಿ ಅಂಕಿ ಕೊಟ್ಟಿದೆ. ಹಳೆಯ ಅಂಕಿಪದ್ಧತಿಯಲ್ಲಿ ಜಮಖಂಡಿಯ ಸೀಮೆ 47 ಪಿ ಹಾಳೆಯೊಳಗೆ ಬರುತ್ತದೆ. 1802ರಲ್ಲಿ ಮದ್ರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಒಂದು ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದು ಆರಂಭಿಸಿದ ತ್ರಿಕೋನ ಮಾಪನವೇ ಈ ಹಾಳೆಗಳಿಗೆಲ್ಲ ಬುನಾದಿ.

“ಜಲಾನಯನ ಅಂದ್ರ ಹೊಳಿ ನೀರು ಉಣ್ಣೂ ನೆಲ ಅಲ್ಲೇನ್ರಿ?” ರೈತ ತಾನೇ ಅರ್ಥ ಹೇಳಿ ನೋಡಿದ.

“ಅದು ಅಚ್ಚುಕಟ್ಟು. ಜಲಾನಯನ ಅಂದ್ರ ಹೊಳಿಗೆ ನೀರು ಕೊಡೂ ನೆಲ. ಎಲ್ಲಿ ಬಿದ್ದ ಮಳಿ ಹರದು ಇದ ಹೊಳಿಗೆ ಬರತೈತೋ ಅಷ್ಟೂ ನೆಲ. ಕೃಷ್ಣಾದ್ದು ಸುಮಾರು 2 ಲಕ್ಷ 59 ಸಾವಿರ ಚದರ ಕಿಲೋಮೀಟರ್. ಅದರಾಗ ಎಲ್ಲಾದಕ್ಕಿಂತ ದೊಡ್ಡ ಪಾಲು ಕರ್ನಾಟಕದಾಗ ಐತಿ. ಆದ್ರ ನಮ್ಮೂರ ಮುಂದ ಹರಿಯೂ ನೀರಿನ ಹೆಚ್ಚಿನ ಪಾಲು ಕರ್ನಾಟಕದ್ದಲ್ಲ.”

“ಮಹಾರಾಷ್ಟ್ರದ್ದು. ಅದು ಗೊತ್ತೈತ್ರಿ. ಕರಾಡದಾಗ ಕೊಯ್ನಾ ಕೂಡತೈತಿ, ಸಾಂಗಲಿ ಹತ್ರ ವಾರಣಾ, ನರಸೋಬವಾಡಿಯಾಗ ಪಂಚಗಂಗಾ. ಚಿಕ್ಕೋಡಿ ಕಡೆ ದೂಧಗಂಗಾ ಬಂದು ಸೇರತೈತಿ. ಮಳಿಗಾಲದಾಗ ನಾವು ಮುಗಿಲು ನೋಡೂದಿಲ್ರಿ, ಕೊಯ್ನಾ ಡ್ಯಾಮ್ ಎಷ್ಟು ತುಂಬೇತಿ ಅಂತ ಮೊಬೈಲ್ ನೋಡತೇವಿ.”

“ಅದ ಜಲಾನಯನದ ಪಾಠ. ಇನ್ನೊಂದು ವಿಚಿತ್ರ ಕೇಳು. ಕೃಷ್ಣಾ ಹುಟ್ಟೂ ಜಾಗಾ ಅರಬ್ಬಿ ಸಮುದ್ರದಿಂದ ಬರೇ 64 ಕಿಲೋಮೀಟರ್ ದೂರ. ಆದ್ರೂ ಆ ನೀರು ಸನೇದ ಸಮುದ್ರಕ್ಕ ಬೆನ್ನು ತಿರುವಿ, ಸುಮಾರು 1,400 ಕಿಲೋಮೀಟರ್ ಹರದು ಬಂಗಾಳ ಕೊಲ್ಲಿಗೆ ಹೋಗತೈತಿ. ಯಾಕ? ಸಹ್ಯಾದ್ರಿಯ ಪಡುವಣ ಮೋರಿ ಗ್ವಾಡಿಗತೆ ಕಡಿದಾಗಿ ಇಳೀತೈತಿ. ನೆತ್ತಿಯಿಂದ ಈಚೆ ಇಡೀ ದಖ್ಖನ್ ಪೀಠಭೂಮಿ ಮೂಡಣಕ್ಕ ಓರಿ ಆಗೇತಿ. ನೀರು ದೂರ ಹತ್ರ ನೋಡೂದಿಲ್ಲ, ಇಳಿಜಾರು ನೋಡತೈತಿ.”

“ಮಳಿನೂ ಆ ಗ್ವಾಡಿ ಆಚೆನ ಬೀಳತೈತಲ್ರಿ.”

ಅಲ್ಲಿಂದ ಮಾತು ಮಳೆ ನೆರಳಿನ ಕಡೆ ಹೊರಳಿತು. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಏರಿದಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಹಿಂದಿನಷ್ಟು ತೇವ ಹಿಡಿದುಕೊಳ್ಳಲಾರದು, ಮಳೆಯಾಗಿ ಸುರಿಸಿಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರ್ ಬೀಳುವುದು ಹೀಗೆ. ನೆತ್ತಿ ದಾಟಿ ಈಚೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಜಮಖಂಡಿ, ಮುಧೋಳ, ಬೀಳಗಿಗೆ ಜೂನ್, ಜುಲೈನಲ್ಲಿ ಬರುವುದು ಹೆಚ್ಚಾಗಿ ಗಾಳಿ, ಮೋಡದ ನೆರಳು, ಆಗೊಂದು ಈಗೊಂದು ಜಡಿಮಳೆ. ನೆಲ ನೆನೆಯುವ ಮಳೆಗೆ ಸೆಪ್ಟೆಂಬರ್ ಬರಬೇಕು. ಆಗ ಮೋಡ ಬರುವ ದಿಕ್ಕೂ ಬೇರೆ, ಎಷ್ಟೋ ಸಲ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಮೋಡಗಳವು.

“ಈ ಸೀಮಿಯ ಎರಡು ನೆರಿ ನೆನಸ್ಕೋ,” ಎಂದರು ಅಕ್ಕೋರು. “2009ರದ್ದು ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಸುರು. ಆ ಮಳಿ ನಮ್ಮ ತಲಿ ಮ್ಯಾಲ, ಉತ್ತರ ಕರ್ನಾಟಕದ ಮ್ಯಾಲ ಬಿತ್ತು. 2019ರದ್ದು ಆಗಸ್ಟ್. ಆವಾಗ ನಮ್ಮಲ್ಲಿ ಅಂಥಾ ಮಳಿ ಇರಲಿಲ್ಲ, ಘಟ್ಟದಾಗ ಬಿದ್ದಿದ್ದು ಇಳದು ಬಂತು. ಹೊಳಿ ಒಂದ ಆದ್ರೂ ಎರಡು ನೆರಿಗೆ ಎರಡು ಬ್ಯಾರೆ ಕಾರಣ. ಒಂದಕ್ಕ ಮುಗಿಲು ನೋಡಬೇಕು, ಇನ್ನೊಂದಕ್ಕ ನೀ ಅಂದ್ಹಂಗ ಕೊಯ್ನಾ ನೋಡಬೇಕು.”

“2019ರಾಗ ಬಿಸಲಿತ್ರಿ ಅಕ್ಕೋರ. ಬಿಸಲಾಗ ನಿಂತು ನೀರು ಏರೂದು ನೋಡಿದ್ವಿ. ಮುತ್ತೂರು, ತುಬಚಿ, ಶೂರ್ಪಾಲಿ ಮಂದಿ ದನಾ ಹೊಡಕೊಂಡು ಎತ್ತರಕ್ಕ ಹೋದ್ರು.”

ಮಳೆಯ ಈ ಲೆಕ್ಕವೇ ಮುಂದಿನ ಪದವನ್ನು ಎಳೆದು ತಂದಿತು: ಜೀವಿವಲಯ. ಒಂದು ಹವಾಮಾನಕ್ಕೆ ಹೊಂದಿಕೊಂಡು ಬೆಳೆದ ಗಿಡ, ಹುಲ್ಲು, ಪ್ರಾಣಿಗಳ ದೊಡ್ಡ ಬಳಗಕ್ಕೆ ಭೂಗೋಳ ಕೊಡುವ ಹೆಸರದು. ಪುಸ್ತಕದ ಚಿತ್ರದಲ್ಲಿ ಅಮೆಜಾನ್ ಕಾಡು, ಸಹಾರಾ ಮರುಭೂಮಿ, ಸೈಬೀರಿಯದ ಸೂಚಿಪರ್ಣ ಕಾಡು ಇದ್ದವು.

“ಇದು ನಮ್ಮ ಕಡಿದಲ್ಲ ಬಿಡ್ರಿ,” ಎಂದ ರೈತ.

“ಯಾಕಲ್ಲ? ಖಾನಾಪುರ ತಾಲೂಕಿನ ಭೀಮಗಡದಾಗ ನಿಂದ್ರು. ಬ್ಯಾಸಿಗ್ಯಾಗೂ ಎಲಿ ಉದುರದ ಕಾಡು. ಅಲ್ಲಿಂದ ಬೆಳಗಾವಿ ಕಡೆ ಬಂದ್ರ ಬ್ಯಾಸಿಗಿಗೆ ಎಲಿ ಉದುರಸೂ ಗಿಡ ಸುರು. ಗೋಕಾಕ ದಾಟಿದ್ರ ಗಿಡ ಗಿಡ್ಡ ಆಗತಾವು, ಮುಳ್ಳು ಹೆಚ್ಚಾಗತೈತಿ. ಮುಧೋಳ, ಬೀಳಗಿಗೆ ಬರೂದ್ರಾಗ ಜಾಲಿ, ಬಾರಿಕಂಟಿ, ನಡುನಡುವ ಹುಲ್ಲು. ಬಸ್ಸಿನಾಗ ಒಂದ ದಿನಕ್ಕ ಮೂರು ನಮೂನಿ ಜೀವಿವಲಯ ದಾಟಬಹುದು.”

“ಆ ಜಾಲಿ ಮಡ್ಡಿನೂ ಜೀವಿವಲಯ ಅಂತೀರೇನ್ರಿ? ಸರ್ಕಾರದ ಕಾಗದದಾಗ ಅದು ಪಾಳು ಭೂಮಿ ಅಲ್ರಿ?”

ಅಕ್ಕೋರ ದನಿ ಇಲ್ಲಿ ಬಿಗಿಯಾಯಿತು. “ಅಲ್ಲೇ ನಮಗ ಬಾಳ ನುಕ್ಸಾನ ಆಗೇತಿ. ಬೀಳಗಿ, ಮುಧೋಳ ಸೀಮಿಯ ಯಡಹಳ್ಳಿ ಮಡ್ಡಿಯೊಳಗ ಚಿಂಕಾರಾ ಅದಾವು, ತೋಳ ಅದಾವು. ಈಗ ಅದು ಸುಮಾರು 96 ಚದರ ಕಿಲೋಮೀಟರಿನ ಚಿಂಕಾರಾ ವನ್ಯಜೀವಿ ಧಾಮ. ಚಿಂಕಾರಾ ಅಂದ್ರ ನೀರು ಕಡಿಮಿ ಇದ್ರೂ ತಿನ್ನೂ ಎಲಿ, ಕಾಯಿಯ ರಸದಾಗ ದಿನಾ ದೂಡೂ ಜೀವ. ಅದಕ್ಕ ದಟ್ಟ ಕಾಡು ಬ್ಯಾಡ, ದೂರ ಕಾಣೂ ಬಯಲು ಬೇಕು. ಮುಧೋಳ ನಾಯಿನ ನೋಡು. ಉದ್ದ ಕಾಲು, ಕಿರಿದಾದ ನಡ, ದೂರದ ಬ್ಯಾಟಿಯನ್ನ ಕಣ್ಣಿಲೆ ಹಿಡದು ಓಡೂ ನಾಯಿ. ಇಂಥಾ ಬಯಲಿನ ಬ್ಯಾಟಿಗೆ ಹೇಳಿಮಾಡಿಸಿದ ಮೈ ಅದು. ಪಾಳು ಅಂತ ಒಂದು ಬಣ್ಣಾ ಬಳದುಬಿಟ್ರ ನಾಳಿಗೆ ಅಲ್ಲಿ ಏನು ಹಾಕಿದ್ರೂ ಕೇಳೂರಿಲ್ಲ. ನಕಾಶಿಯ ಬಣ್ಣಾ ಯಾರು ಹಚ್ಚತಾರ, ಯಾವ ಹೆಸರು ಇಡತಾರ ಅನ್ನೂದು ಬಾಳ ಮುಖ್ಯ.”

ರೈತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಕುರುಬರ ಕುರಿಗೂ ಅದ ಮಡ್ಡಿ ಆಸರಾ ಆಗಿತ್ರಿ. ಮಳಿಗಾಲದಾಗ ಮಡ್ಡಿ ಮ್ಯಾಲ ಮೇಯಸ್ತಿದ್ರು, ಸುಗ್ಗಿ ಮುಗದ ಮ್ಯಾಲ ಎರಿ ಹೊಲಕ್ಕ ಇಳೀತಿದ್ರು. ನಮ್ಮಪ್ಪ ಹೊಲದಾಗ ಕುರಿ ತರಬಸಿ ಅವರಿಗೆ ಕಾಳು ಕೊಡತಿದ್ದ. ಈಗ ಹೊಲದ ತುಂಬ ಹನ್ನೆರಡು ತಿಂಗಳ ಕಬ್ಬು. ಕುರಿ ಎಲ್ಲಿ ಇಳಸ್ತಾರ?”

ಎರಿ ಎಂದಾಗ ಮಾತು ಮಣ್ಣಿಗೆ ಇಳಿಯಿತು. ಕೃಷ್ಣೆಯ ಉತ್ತರಕ್ಕೆ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಕಲ್ಲು. ದಕ್ಷಿಣಕ್ಕೆ ಲೋಕಾಪುರ, ಕಲಾದಗಿಯ ಕಡೆ ಹೋದರೆ ಅದಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲು, ಸುಣ್ಣಗಲ್ಲು. ನೂರು ಕೋಟಿ ವರ್ಷಕ್ಕೂ ಹಿಂದಿನ ಈ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಬಸಾಲ್ಟ್ ಸವೆದು ಆದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ಸೆಪ್ಟೆಂಬರ್ ಮಳೆಯನ್ನು ಒಡಲಲ್ಲಿ ಇಟ್ಟುಕೊಂಡು, ಮುಂದೆ ಒಂದು ಹನಿ ಬೀಳದಿದ್ದರೂ ಮಾಘದವರೆಗೆ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಸಾಕುವ ಮಣ್ಣು ಇದು.

“ಜೋಳದ ತವರು ಎಲ್ಲಿ ಗೊತ್ತೈತೇನು? ಆಫ್ರಿಕಾದ ಸುಡಾನ್ ಕಡೆ. ಅಲ್ಲಿನೂ ಇಂಥಾದ ಅರೆಶುಷ್ಕ ಸೀಮಿ. ಸಾವಿರಾರು ವರ್ಷದ ಹಿಂದ ಅಲ್ಲಿಂದ ಬಂದ ಬೆಳಿ ಇಲ್ಲಿ ಹೊಂದಿಕೊಂಡು ನಮ್ಮ ರೊಟ್ಟಿ ಆತು. ಯಾಕಂದ್ರ ಮಳಿ, ಬಿಸಲು, ನೆಲ ಅದಕ್ಕ ಹೊಸಾವ ಆಗಿರಲಿಲ್ಲ.”

“ಹಂಗಾದ್ರ ಕಬ್ಬು ಈ ಸೀಮಿಯ ಬೆಳಿ ಅಲ್ಲ ಅಂತೀರಿ.”

“ಮಳಿ ನೋಡಿದ್ರ ಅಲ್ಲ. ಹೊಳಿ ನೋಡಿದ್ರ ಹೌದು. ಲೆಕ್ಕಾ ಹಾಕು. ಒಂದು ಎಕರೆ ಮ್ಯಾಲ ಒಂದು ಮಿಲಿಮೀಟರ್ ನೀರು ಅಂದ್ರ 4,047 ಲೀಟರ್. ಕಬ್ಬಿಗೆ ಕಡಿಮಿ ಅಂದ್ರ 1,500 ಮಿಲಿಮೀಟರ್ ಹಿಡದ್ರೂ ಎಕರೆಗೆ 60 ಲಕ್ಷ ಲೀಟರ್ ಆತು. ಅದರಾಗ ಮಳಿ ಕೊಡೂದು ಮೂರನೇ ಒಂದು ಪಾಲು. ಉಳಿದಿದ್ದು ಪೂರಾ ಹೊಳಿದು.”

ಆ ಹೊಳೆಯೂ ಬೇಸಿಗೆಗೆ ಬತ್ತುತ್ತಿತ್ತು. ಮಳೆಗಾಲದಲ್ಲಿ ದಂಡೆ ಮೀರಿ ಹರಿದ ನೀರು ಮಾರ್ಚ್, ಏಪ್ರಿಲ್ ಹೊತ್ತಿಗೆ ಮಡುಗಳಲ್ಲಿ ಮಾತ್ರ ಉಳಿಯುತ್ತಿತ್ತು. ಬ್ಯಾರೇಜ್ ಬೇಕೆಂಬ ಬೇಡಿಕೆ ವರ್ಷಗಟ್ಟಲೆ ಕಡತದಲ್ಲೇ ಕುಳಿತಾಗ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ಹೊಳೆಯಲ್ಲಿಳಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ರೈತರೇ ಕಟ್ಟಿದ ದೇಶದ ಮೊದಲ ಬ್ಯಾರೇಜ್ ಎಂದು ಅದು ಹೆಸರಾಯಿತು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ ನ್ಯಾಮಗೌಡರು ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೆ ಈ ಭಾಗದ ಜನರ ಬಾಯಲ್ಲಿ ಅವರು ಬ್ಯಾರೇಜ್ ಸಿದ್ದು.

“ನಮ್ಮಪ್ಪ ಅಲ್ಲಿ ಕೆಲಸಕ್ಕ ಹೋಗಿದ್ದ್ರಿ,” ಎಂದ ರೈತ. “ನಿಂತ ನೀರು ನೋಡಿದ ವರ್ಷಾನ ಮನಿಯೊಳಗ ಕಬ್ಬಿನ ಮಾತು ಸುರುವಾತಂತ.”

“ಆ ಕೆಲಸದಾಗ ಇದ್ದ ಭೂಗೋಳ ನೋಡು ತಮ್ಮಾ. ಹೊಳಿ ತಳ ಎಲ್ಲಿ ಗಟ್ಟಿ ಐತಿ, ಎಲ್ಲಿ ದಂಡಿ ಎತ್ತರ ಐತಿ, ಗೇಟು ಯಾವಾಗ ಇಳಸಬೇಕು, ಯಾವಾಗ ಎತ್ತಬೇಕು, ಇದೆಲ್ಲಾ ಹೊಳಿ ಜೋಡಿ ಬಾಳಿದವರಿಗೆ ಗೊತ್ತಿತ್ತು. ಬ್ಯಾರೇಜಂದ್ರ ಡ್ಯಾಮಿನಂಗ ನೆರಿ ನೀರು ತಡದು ನಿಲ್ಲಸೂದಲ್ಲ. ನೆರಿ ಹೋಗಾಕ ಬಿಟ್ಟು, ಮಳಿಗಾಲದ ಬಾಲಕ್ಕ ಬರೂ ನೀರನ್ನ ಹೊಳಿ ಪಾತ್ರದೊಳಗ ಹಿಡಕೊಳ್ಳೂದು. ನೆಲ ಮುಳಗಸದ ನೀರು ಅದು.”

“ಕೆಳಗ ಆಲಮಟ್ಟಿ ಡ್ಯಾಮ್ ಬಂದ ಮ್ಯಾಲ ಆಟಾನ ಬದಲಾತಲ್ರಿ. ಹಿನ್ನೀರು ಬಂದ್ರ ನಮ್ಮ ಬ್ಯಾರೇಜ ಒಳಗ ಹೋಗತೈತಿ. ಬ್ಯಾಸಿಗಿಗೆ ಹಿನ್ನೀರು ಸರೀತಂದ್ರ ಮತ್ತ ಹೊರಗ ಬರತೈತಿ. ನೀರು ಪೂರಾ ಇಳದು ಹೋಗೂದ್ರೊಳಗ ಪಂಪ್ ಹಚ್ಚಿ ಹಿನ್ನೀರನ್ನ ಎತ್ತಿ ಬ್ಯಾರೇಜಿಗೆ ತುಂಬಿಸಿಕೊಂಡ ವರ್ಷಾನೂ ಅದಾವು.”

ಮಗಳು ಗೆರೆ ಎಳೆದ ಪದಗಳಲ್ಲಿ ಉಳಿದಿದ್ದು ಒಂದೇ, ಸಮೋನ್ನತ ರೇಖೆ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಕೂಡಿಸಿ ಎಳೆದ ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರದೂರವಿದ್ದರೆ ಬಯಲು. ಅಕ್ಕೋರು ಈ ಪದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟರು. ಕೃಷ್ಣಾ ತೀರದಲ್ಲಿ ಜನರ ಹೊಲ, ಮನೆ, ಊರುಗಳ ಹಣೆಬರಹವನ್ನು ತಾಲ್ಲೂಕಿನ ಗಡಿಗಿಂತ, ರಾಜ್ಯದ ಗಡಿಗಿಂತ ಈ ಗೆರೆಯೇ ಹೆಚ್ಚು ನಿರ್ಧರಿಸುತ್ತದೆ ಎಂಬುದು ಅವರ ಗಟ್ಟಿ ನಿಲುವು.

“ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಾಗ ಅಡಿಗಲ್ಲು ಇಟ್ರು. ಈಗ ಅಲ್ಲಿ ನೀರು ನಿಲ್ಲೂದು 519.60 ಮೀಟರ್ ಎತ್ತರಕ್ಕ. ಅದನ್ನ 524.256 ಮೀಟರಿಗೆ ಏರಸಾಕ 2010ರಾಗ ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ ಒಪ್ಪಿತು. ಎರಡರ ನಡುವ ಫರಕು 4.656 ಮೀಟರ್. ಒಂದು ಮಾಳಿಗಿ ಮನಿಯಷ್ಟು ಎತ್ತರ.”

“ಅಷ್ಟ ಎತ್ತರಕ್ಕ ಹತ್ತಾರು ಸಾವಿರ ಎಕರೆ ಹೆಂಗ ಮುಳಗತೈತ್ರಿ?”

“ನಮ್ಮದು ಬಯಲು. ಒಂದು ಕಿಲೋಮೀಟರ್ ನಡದ್ರ ನೆಲ ಒಂದು ಮೀಟರ್ ಏರತೈತಿ ಅಂತ ಹಿಡಿ. 4.656 ಮೀಟರ್ ಏರಿದ ನೀರು ಅಂಥಾ ನೆಲದಾಗ ನಾಲ್ಕೂವರಿ ಕಿಲೋಮೀಟರ್ ಒಳಗ ಬರತೈತಿ. ಕಡಿದಾದ ಗುಡ್ಡ ಇದ್ರ ಅದ ನೀರು ಹತ್ತು ಮಾರು ಸರಿಯೂದಿಲ್ಲ. ಬಯಲಿನ್ಯಾಗ ಎತ್ತರ ಸಣ್ಣದು, ಅಗಲ ದೊಡ್ಡದು. ಇನ್ನೊಂದು ಮಾತು. ಈ ಭಾಗದ ಟೋಪೋಶೀಟಿನಾಗ ಸಮೋನ್ನತ ರೇಖೆ ಸಾಮಾನ್ಯವಾಗಿ 20 ಮೀಟರಿಗೊಂದು ಇರತೈತಿ. 520ರ ಗೆರಿ, ಆಮ್ಯಾಲ 540ರ ಗೆರಿ. ನಿನ್ನ ಹೊಲದ ಪ್ರಶ್ನೆ ಆ ಎರಡು ಗೆರಿ ನಡುವಿನ ಖಾಲಿ ಜಾಗದಾಗ ಬೀಳತೈತಿ. ಆ ನಕಾಶಿ ಎಷ್ಟ ಚಂದ ಇದ್ರೂ ಈ ಪ್ರಶ್ನೆಗೆ ಉತ್ತರ ಕೊಡೂದಿಲ್ಲ.”

“ಮೊಬೈಲಿನಾಗ ಎತ್ತರ ತೋರಸತೈತಲ್ರಿ?”

“ತೋರಸತೈತಿ. ಆದ್ರ ಅದು ಎಷ್ಟೋ ಸಲ ಐದು, ಹತ್ತು ಮೀಟರ್ ಆಚೆ ಈಚೆ ಆಗತೈತಿ. ನಿನಗ ಬೇಕಾದ ಫರಕಾನ ಐದು ಮೀಟರಿನೊಳಗ ಐತಿ. ಎತ್ತರ ಅಂದ್ರ ಎಲ್ಲಿಂದ ಅಳದಿದ್ದು ಅನ್ನೂದ ಮೊದಲ ಪ್ರಶ್ನೆ. ನಮ್ಮ ದೇಶದಾಗ 1909ರ ಸುಮಾರಿಗೆ ಒಂಬತ್ತು ಬಂದರಿನಾಗ ಸಮುದ್ರದ ಏರಿಳಿತ ಅಳದು ಸರಾಸರಿ ತಗದು, ಅದನ್ನ ಸೊನ್ನಿ ಅಂತ ಹಿಡದ್ರು. ಅದರಾಗ ನಮ್ಮ ಕಾರವಾರನೂ ಒಂದು. ಅಲ್ಲಿಂದ ಲೆವೆಲ್ ಹಿಡಕೋತ ಒಳನಾಡಿಗೆ ಬಂದು ಅಲ್ಲಲ್ಲಿ ಕಲ್ಲಿನ ಮ್ಯಾಲ ಗುರುತು ಕೆತ್ತ್ಯಾರ. ಅಂಥಾ ಗುರುತಿನಿಂದ ಡಂಪಿ ಲೆವೆಲ್ ಅನ್ನೂ ಮಟ್ಟ ನೋಡೂ ದುರ್ಬೀನು ಹಚ್ಚಿ ತಂದ ಎತ್ತರಾನ ನಂಬಬೇಕು. ಸರ್ವೇದವರು ಬಂದಾಗ ‘ಯಾವ ಗುರುತಿನಿಂದ ತಂದ್ರಿ, ನಮ್ಮ ಹೊಲದ್ದು ಎಷ್ಟು ಬಂತು’ ಅಂತ ಕೇಳಿ ಬರಕೋಬೇಕು. ಕೇಳೂದು ನಿನ್ನ ಹಕ್ಕು. ಕೇಳಾಕ ಬೇಕಾಗೂದು ಮಗಳ ಪುಸ್ತಕದ ಈ ಒಂದು ಪುಟ.”

ರೈತ ಪುಟದ ಮೂಲೆ ಮಡಚಿದ. ಆಮೇಲೆ ತನ್ನ ಹೊಲದ ಇನ್ನೊಂದು ಸಂಗತಿ ತೆಗೆದ. ತಗ್ಗಿನ ತುದಿಯಲ್ಲಿ ಮಣ್ಣು ಬೆಳ್ಳಗಾಗುತ್ತಿದೆ, ಕಬ್ಬು ಹಳದಿಯಾಗಿ ನಿಲ್ಲುತ್ತಿದೆ.

“ಸವಳು. ಎರಿಮಣ್ಣಿನ್ಯಾಗ ನೀರು ಇಳಿಯೂದು ಬಾಳ ನಿಧಾನ. ಮ್ಯಾಲಿನ ಹೊಲದವರು ಹಾಯಿಸಿದ್ದೂ ನೆಲದೊಳಗ ಹಾದು ನಿನ್ನ ತಗ್ಗಿಗೆ ಬರತೈತಿ. ಅಂತರ್ಜಲ ಏರತೈತಿ. ಬೇರಿನ ಹತ್ರ ಬಂತಂದ್ರ ಬಿಸಲು ಅದನ್ನ ಮ್ಯಾಲ ಎಳೀತೈತಿ, ನೀರು ಹಾರಿ ಹೋಗತೈತಿ, ಉಪ್ಪು ಉಳೀತೈತಿ. ತುಂಗಭದ್ರಾ ಅಚ್ಚುಕಟ್ಟಿನಾಗ ಇದ ಆತು, ಮ್ಯಾಲ ಸಾಂಗಲಿ, ಶಿರೋಳ ಕಡೆ ಇದ ಆತು. ಮೇಲಿನವರು ನೀರು ಕಡಿಮಿ ಮಾಡಬೇಕು, ತಗ್ಗಿನವರು ಬಸಿಗಾಲುವೆ ತಗೀಬೇಕು. ಇಬ್ಬರೂ ಕೂಡಿ ಮಾಡದಿದ್ರ ನಿನ್ನೊಬ್ಬನಿಂದ ಆಗೂ ಕೆಲಸ ಅಲ್ಲ.”

“ಕಬ್ಬು ಬಿಡು ಅನ್ನಬ್ಯಾಡ್ರಿ ಅಕ್ಕೋರ. ಸಾಲ ತೀರೂದು ಅದರಾಗ. ಜೋಳದಾಗ ತೀರೂದಿಲ್ಲ.”

“ಬಿಡು ಅನ್ನೂದಿಲ್ಲ. ಹನಿ ನೀರಾವರಿಗೆ ಬಾ ಅಂತೇನಿ. ಹರಿಬಿಟ್ಟು ಹಾಯಸೂ ನೀರಿನ್ಯಾಗ ಸಾಕಷ್ಟು ಉಳೀತೈತಿ. ತಗ್ಗಿನ ತುದಿಯಾಗ ಒಂದೆರಡು ವರ್ಷ ಬ್ಯಾರೆ ಬೆಳಿ ಹಾಕು. ಆದ್ರ ಮೊದಲು ಯಾರ ಹೊಲ ಯಾರಿಗಿಂತ ಎಷ್ಟು ಎತ್ತರ ಅನ್ನೂದು ಊರಿಗೆಲ್ಲಾ ಕಾಣೂ ಹಂಗ ಆಗಬೇಕು. ಅದಿಲ್ಲದ ಬಸಿಗಾಲುವೆ ಎಲ್ಲಿ ತಗೀತೀರಿ?”

ಇಲ್ಲಿ ರೈತನಿಗೆ ಒಂದು ಉಪಾಯ ಹೊಳೆಯಿತು. ಮನೆ ಕಟ್ಟುವಾಗ ಗೌಂಡಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಗೋಡೆಗಳ ಮಟ್ಟ ನೋಡುತ್ತಾರೆ. ಪೈಪಿನ ಎರಡೂ ತುದಿಗೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. “ಅದ ಪೈಪ್ ಹಿಡಕೊಂಡು ಹೊಲದಿಂದ ಹೊಲಕ್ಕ ಹೋಗಬಹುದಲ್ರಿ? ಒಂದ ಮಟ್ಟದ ಜಾಗಾಕ್ಕೆಲ್ಲಾ ಗೂಟ ಹೊಡದ್ರ ಅದ ನಿಮ್ಮ ಸಮೋನ್ನತ ರೇಖೆ ಆಗೂದಿಲ್ಲೇನು?”

“ಆಗತೈತಿ. ಒಳ್ಳೆ ರೇಖೆನ ಆಗತೈತಿ. ಸಮುದ್ರಮಟ್ಟ ಗೊತ್ತಿಲ್ಲದಿದ್ರೂ ನಡೀತೈತಿ. ಬ್ಯಾರೇಜಿನ ಕಟ್ಟಿ ಮ್ಯಾಲ ಒಂದು ಗುರುತು ಹಿಡದು, ಅದಕ್ಕಿಂತ ಇದು ಎಷ್ಟು ಮ್ಯಾಲ, ಎಷ್ಟು ಕೆಳಗ ಅಂತ ಬರೀತ ಹೋಗರಿ. ಆಮ್ಯಾಲ ಸರ್ವೇ ಗುರುತಿಗೆ ಒಮ್ಮೆ ಜೋಡಿಸಿದ್ರ ಅಷ್ಟೂ ಅಂಕಿ ಸಮುದ್ರಮಟ್ಟದ್ದಾಗತಾವು.”

ಇಬ್ಬರೂ ಹಾಳೆಯೊಂದರ ಹಿಂಬದಿಯಲ್ಲಿ ಪಟ್ಟಿ ಮಾಡಿದರು. ನಕ್ಷೆಯ ಪ್ರಮಾಣ 50 ಮೀಟರಿಗೆ ಒಂದು ಸೆಂಟಿಮೀಟರ್. ಎರಡು ಕಿಲೋಮೀಟರಿನ ಊರು 40 ಸೆಂಟಿಮೀಟರಿನಲ್ಲಿ ಕೂಡುತ್ತದೆ. 2005, 2009, 2019ರ ನೆರೆ ಯಾವ ಮನೆಯ ಗೋಡೆಗೆ ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ ಮೂರು ಬಣ್ಣದ ಗೆರೆ. ಸವಳು ಬಿದ್ದ ತುಂಡುಗಳು. ಹಳ್ಳ, ಹಳೆಯ ಬಸಿಗಾಲುವೆ, ಮುಚ್ಚಿಹೋದ ಬಾವಿ. ಬಾವಿಗಳ ನೀರಿನ ಮಟ್ಟ ವರ್ಷಕ್ಕೆರಡು ಸಲ, ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಶಾಲೆಯ ಮಕ್ಕಳು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯಬಲ್ಲ ಕೆಲಸ ಅದು.

“ಕುರಿ ದಾರಿನೂ ಹಾಕ್ರಿ,” ಎಂದ ರೈತ. “ಮಡ್ಡಿಯಿಂದ ಹೊಳಿಗೆ ನೀರಿಗೆ ಇಳಿಯೂ ದಾರಿ. ಅದನ್ನ ಯಾವ ಸರ್ಕಾರಿ ನಕಾಶ್ಯಾಗೂ ನಾ ನೋಡಿಲ್ಲ. ಎರಡು ಕಡೆ ಕಬ್ಬು ಒತ್ತಿಕೊಂಡು ಬರಾಕತ್ತೇತಿ.”

“ಹಾಕೂಣು. ಮಡ್ಡಿಗೆ ಪಾಳು ಅಂತ ಬರಿಯೂದು ಬ್ಯಾಡ, ಹುಲ್ಲುಗಾವಲು ಅಂತ ಬರಿಯೂಣು. ಹೊಳಿ ಮಂದಿಗೆ ನೆರಿಯಾಗ ಓಡಿ ಹೋಗಾಕ ಎತ್ತರದ ಜಾಗಾನೂ ಅದ ಐತಿ, ಅದನ್ನೂ ಬರಿಯೂಣು.”

“ಮುಗದ ಮ್ಯಾಲ ಯಾರಿಗೆ ಕೊಡೂದ್ರಿ?”

“ಒಂದು ಶಾಲೆಗೆ, ಒಂದು ಗ್ರಾಮ ಪಂಚಾಯತಿಗೆ, ಒಂದು ನಿಮ್ಮ ನೀರಿನ ಸಂಘಕ್ಕ. ಪಂಚಾಯತಿಯವರು ಗ್ರಾಮಸಭೆಯೊಳಗ ಅದನ್ನ ಹರವಿ ಬಸಿಗಾಲುವೆ ಠರಾವು ಮಾಡಲಿ. ಪೈಪ್ ಗೌಂಡಿ ಕಡೆ ಇಸಗೊಂಡು ಬಾ, ಮಗಳನ್ನೂ ಅವಳ ಗೆಳತ್ಯಾರನ್ನೂ ಕರಕೊಂಡು ಬಾ. ಮಳಿಗಾಲ ಹಿಡಿಯೂದ್ರೊಳಗ ತಗ್ಗಿನ ಹೊಲದ್ದಾದ್ರೂ ಮಟ್ಟ ತಗದು ಇಡೂಣು.”